ನೀರ ಮೇಲಿನ ಎಲೆ

(ಲೇಪಾಕ್ಷಿ ನಂದಿಯ ಎದುರಿನ ಟೀ ಅಂಗಡಿ. ಬಾಮೈದ ಬ್ಯಾಗು ಹಿಡ್ಕೊಂಡು ಹೊರಟವ್ನೆ. ಮುಖದ ಕಳೆ ಮಾತ್ರ ತಿರುಪತಿಗೆ ಹೊರಟವನದು.)

ಭಾವ: ಎಲ್ಲಿಗಪ್ಪ ಸವಾರಿ?

ಬಾಮೈದ: ಪಣಜಿಗೆ. ಮಾಂಡೋವಿ ಹೊಳೆ ಮ್ಯಾಲೆ ಹಡಗು. ಎಲೆ ಹಾಕೋದು ಅಲ್ಲೇ.

ಭಾವ: ಊಟಕ್ಕಾ?

ಬಾಮೈದ: ಅಯ್ಯೋ, ಇಸ್ಪೀಟು ಭಾವ! ಕ್ಯಾಸಿನೋ! ನೆಲದ ಮ್ಯಾಲೆ ಬರೀ ಮಿಷನ್ ಆಟ, ಎಲೆ ಹಂಚೋಕೆ ನೀರೇ ಆಗ್ಬೇಕು.

ಭಾವ: ಮಡಿ ಅಂದ್ರೆ ಅದು. ಆ ಊರೋರೂ ಆಡ್ತಾರಾ?

ಬಾಮೈದ: ಛೇ! 2020ರಿಂದ ಗೋವಾದೋರನ್ನ ಒಳಗೇ ಬಿಡಂಗಿಲ್ಲ. ಅವರ ಮನೆ ಹಾಳಾಗ್ಬಾರ್ದಲ್ಲ.

ಭಾವ: ಎಂಥಾ ಕಾಳಜಿ! ನಮ್ಮನೆ ಕಾಳಜಿ ಯಾವ ಇಲಾಖೆಗೆ ಬತ್ತದೆ?

ಬಾಮೈದ: ಪ್ರವಾಸೋದ್ಯಮ.

ಭಾವ: ಇಲ್ಲೇ ಒಂದು ತೆಗೀಬಾರ್ದಾ?

ಬಾಮೈದ: ಆಂಧ್ರದಲ್ಲಿ ಮೊಬೈಲ್ ರಮ್ಮಿಗೂ 2020ರಲ್ಲೇ ಬೀಗ.

ಭಾವ: ಸದ್ಯ, ಜನದ ದುಡ್ಡು ಉಳೀತು.

ಬಾಮೈದ: ಉಳಿದದ್ದನ್ನೇ ಅಲ್ಲಿಗೆ ಒಯ್ತಿರೋದು!

ಭಾವ: ಖಜಾನೆ ದುಡ್ಡು ಗುಡಿಗೆ ಹಾಕ್ದ ಅಂತ ದೂರು ಬಂದಾಗ, ಈ ಲೇಪಾಕ್ಷಿ ಗುಡಿ ಕಟ್ಟಿಸಿದ ನಮ್ಮ ವಿರೂಪಣ್ಣ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಪಾಪ, ಕ್ಯಾಸಿನೋ ಲೈಸೆನ್ಸ್ ಫೀಸು ವಸೂಲಿ ಮಾಡೋ ವಿದ್ಯೆ ಗೊತ್ತಿರ್ಲಿಲ್ಲ.

ಬಾಮೈದ: ಖಜಾನೆ ತುಂಬಿದ್ರೆ ಕಣ್ಣು ಯಾಕೆ ಕೀಳ್ಬೇಕು? ಮುಚ್ಕೊಂಡ್ರೆ ಸಾಕು.

ಭಾವ: ಬ್ಯಾಗಲ್ಲೇನೋ ಝಣ್ ಅಂತು?

ಬಾಮೈದ: ಅಕ್ಕನ ಬಳೆ. ಎರಡರಷ್ಟು ತತ್ತೀನಿ ಅಂದಿದೀನಿ.

ಭಾವ: ಹಂಗಾದ್ರೆ ವಾಪಸ್ ಟಿಕೆಟ್ಟೂ ಈಗ್ಲೇ ತಗೊಂಬಿಡು. ಈ ಟೀ ದುಡ್ಡೂ ಕೊಟ್ಟು ಹೋಗು.