ಆನ್‌ಲೈನ್ ವಿದ್ಯಾರ್ಥಿ: ಬಳಕೆದಾರರ ಕೈಪಿಡಿ (ಯಲ್ಲಾಪುರ ತಾಲೂಕಿನ ಇಡಗುಂದಿ ಆವೃತ್ತಿ)

ಅಭಿನಂದನೆಗಳು! ಈ ಮಾದರಿ 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಕಾಲೇಜುಗಳಿಗೆ ಬೀಗ ಬಿದ್ದ ಗಡಿಬಿಡಿಯಲ್ಲಿ ಮನೆಮನೆಗೆ ಬಂತು. ಕೈಪಿಡಿ ಈಗ ಬರುತ್ತಿದೆ.

ಡಬ್ಬಿಯಲ್ಲಿರುವುದು: ಮೊಬೈಲ್ ಒಂದು, ಡೇಟಾ ಪ್ಯಾಕ್ ಒಂದು, ಪದವಿ ವಿದ್ಯಾರ್ಥಿ ಒಬ್ಬ. ತಾನಾಗಿ ಓದಲು ಕೂರುವ ಅಭ್ಯಾಸ ಡಬ್ಬಿಯಲ್ಲಿಲ್ಲ. ಯಲ್ಲಾಪುರ ಪೇಟೆಯಲ್ಲೂ ಸಿಗುವುದಿಲ್ಲ.

ಜೋಡಣೆ: ವಿದ್ಯಾರ್ಥಿಯನ್ನು ಅಡಿಕೆ ತೋಟದ ತಗ್ಗಿನಿಂದ ಮೇಲಕ್ಕೆತ್ತಿ, ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ. ಮಳೆಗಾಲವಾದರೆ ಮೇಲೊಂದು ಕೊಡೆ ಹಿಡಿಯಿರಿ. ಮೊದಲು ಮೊಬೈಲಿಗೆ, ಉಳಿದರೆ ವಿದ್ಯಾರ್ಥಿಗೆ.

ಸಿದ್ಧತಾ ಪರೀಕ್ಷೆ: ಆನ್‌ಲೈನ್ ಕಲಿಕೆಗೆ ಯಾರು ಎಷ್ಟು ಸಿದ್ಧರೆಂದು ಅಳೆಯಲು ತೈವಾನಿನ ಸಂಶೋಧಕರು 1,051 ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ 2010ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ ಐದು ಮನೆಗಳಿವೆ: ಕಂಪ್ಯೂಟರ್–ಇಂಟರ್ನೆಟ್ ಬಳಸುವ ಧೈರ್ಯ, ಆನ್‌ಲೈನಿನಲ್ಲಿ ಬಾಯಿಬಿಡುವ ಧೈರ್ಯ, ಕಲಿಯುವ ಹಂಬಲ, ಕಲಿಕೆಯ ಮೇಲೆ ಹಿಡಿತ, ಸ್ವಯಂ ನಿರ್ದೇಶಿತ ಓದು. ಅದರಲ್ಲಿ ಟವರಿಗೆ ಮನೆಯಿಲ್ಲ, ಆ ಸಂಶೋಧಕರು ನಮ್ಮ ಅರಬೈಲ್ ಘಟ್ಟ ಇಳಿದವರಲ್ಲ. ಆದರೂ ಅವರ ವಿದ್ಯಾರ್ಥಿಗಳು ಮೊದಲ ಮೂರರಲ್ಲಿ ಗಟ್ಟಿ, ಕೊನೆಯ ಎರಡರಲ್ಲಿ ಹಿಂದೆ ಎಂದು ಓದಿದಾಗ ನಮ್ಮ ಹುಡುಗರೇ ಕಣ್ಣಿಗೆ ಬರುತ್ತಾರೆ. ಬೆರಳು ಚುರುಕು, ಬುಡ ಮಾತ್ರ ಕುಳಿತಲ್ಲಿ ನಿಲ್ಲದು.

ಬಳಸುವ ವಿಧಾನ:
1. ಇಂದು ಏನು ಕಲಿಯಬೇಕೆಂದು ಗುಡ್ಡ ಹತ್ತುವ ಮೊದಲೇ ಬರೆದುಕೊಳ್ಳಿ. ಹತ್ತಿದ ಮೇಲೆ ಯೋಚಿಸಿದರೆ ರೀಲ್ಸ್ ನಿಮ್ಮ ಪರವಾಗಿ ಯೋಚಿಸುತ್ತದೆ.
2. ಪಾಠ ಇಳಿಸಿಕೊಂಡು ಬನ್ನಿ. ರಾತ್ರಿ ಅಡಿಕೆ ಸುಲಿಯುವಾಗ ಕಿವಿ ಖಾಲಿ ಇರುತ್ತದೆ.
3. ಅರ್ಥವಾಗದ್ದನ್ನು ಗುರುತಿಟ್ಟುಕೊಂಡು ಮೇಷ್ಟ್ರಿಗೆ ಕಳಿಸಿ. ‘ಓಕೆ ಸರ್’ ಪ್ರಶ್ನೆಯಲ್ಲ.
4. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಕೋರ್ಸಿಗೆ ಹೆಸರು ಬರೆಸುವುದು ಉಚಿತ. ಹೆಸರು ಬರೆಸಿದ್ದನ್ನೇ ಓದಿದ್ದೆಂದು ಮನೆಯಲ್ಲಿ ಹೇಳಬೇಡಿ.

ದೋಷ ಮತ್ತು ಪರಿಹಾರ:
ಕರೆಂಟ್ ಹೋಯಿತು, ಹಿಂದೆಯೇ ಟವರೂ ಮಲಗಿತು: ಮೇಲಿನ ನಾಲ್ಕನ್ನು ಪಾಲಿಸಿದವನು ಓದು ಮುಂದುವರಿಸುತ್ತಾನೆ. ಉಳಿದವನು ತೋಟಕ್ಕೆ ಹೋಗಬಹುದು, ಅಲ್ಲಿ ಕೆಲಸಕ್ಕೆ ಬರವಿಲ್ಲ.
ಕ್ಯಾಮೆರಾ ಆಫ್, ಮೈಕ್ ಆಫ್, ಹೆಸರು ಮಾತ್ರ ಹಾಜರು: ಇದು ಯಂತ್ರದೋಷವಲ್ಲ. ವಿದ್ಯಾರ್ಥಿಯನ್ನು ಒಮ್ಮೆ ಆಫ್ ಮಾಡಿ, ನಿದ್ದೆ ಮುಗಿದ ಮೇಲೆ ಆನ್ ಮಾಡಿ.
ಒಂದೇ ಮೊಬೈಲ್, ಅಣ್ಣ–ತಂಗಿ ಇಬ್ಬರಿಗೂ ಹತ್ತು ಗಂಟೆಗೇ ಕ್ಲಾಸು: ಇದಕ್ಕೆ ಕೈಪಿಡಿಯಲ್ಲಿ ಪರಿಹಾರವಿಲ್ಲ. ಅಳತೆಗೋಲು ತಂಗಿಯನ್ನು ‘ಸಿದ್ಧಳಲ್ಲ’ ಎಂದರೆ ನಂಬಬೇಡಿ.

ವಾರಂಟಿ: ಊರಿಗೆ ಪೂರ್ತಿ ನೆಟ್‌ವರ್ಕ್ ಬಂದ ದಿನವೇ ರದ್ದು. ಅಲ್ಲಿಯವರೆಗೆ ಓದದಿದ್ದುದಕ್ಕೆ ಟವರ್ ಕಾರಣವಾಗಿರುತ್ತದೆ. ಅಂದಿನಿಂದ ಹೊಸ ಕಾರಣವನ್ನು ವಿದ್ಯಾರ್ಥಿಯೇ, ಯಾರ ನೆರವೂ ಇಲ್ಲದೆ, ಹುಡುಕಿಕೊಳ್ಳತಕ್ಕದ್ದು.