ಪಂಕಧಾವನ ಮೀಮಾಂಸೆ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ದೇವದತ್ತನಷ್ಟು ದುಡಿದವನು ಇನ್ನೊಬ್ಬನಿಲ್ಲ. ವೈಯಾಕರಣರು ಅವನ ಕೈಯಲ್ಲಿ ಅನ್ನ ಬೇಯಿಸಿದರು, ಮುಗಿದ ಮೇಲೆ ಊರಿಗೆ ಅಟ್ಟಿದರು. ಮೀಮಾಂಸಕರು ಅವನನ್ನು ದಪ್ಪಗಾಗಿಸಿ, ಹಗಲೂಟ ತಪ್ಪಿಸಿ, ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು ಅರ್ಥಾಪತ್ತಿ ಪ್ರಮಾಣದಿಂದ ಸಾಧಿಸಿದರು. ಇಷ್ಟು ಶತಮಾನಗಳಿಂದ ಆತ ದಪ್ಪಗೇ ಇದ್ದರೂ ‘ಅಯ್ಯಾ, ಸ್ವಲ್ಪ ಓಡು’ ಎಂದು ಒಬ್ಬ ಭಾಷ್ಯಕಾರನೂ ಅನ್ನಲಿಲ್ಲ. ಆ ಲೋಪವನ್ನು ತುಂಬಲು ಈ ಪ್ರಬಂಧ.

ಪ್ರತಿಜ್ಞೆ: ಓಟ ಬಿಟ್ಟವನು ಮತ್ತೆ ಓಡತೊಡಗಲು ಕೆಸರುಗದ್ದೆಯೇ ತಕ್ಕ ಕ್ಷೇತ್ರ. ಇಲ್ಲಿ ಅಧಿಕಾರಿ ಯಾರೆಂದರೆ, ಹಿಂದೊಮ್ಮೆ ಓಡುತ್ತಿದ್ದು ಮದುವೆ, ಮಂಡಿನೋವು, ಬಡ್ತಿ ಇವುಗಳಲ್ಲೊಂದರ ದೆಸೆಯಿಂದ ನಿಲ್ಲಿಸಿದವನು. ಎಂದೂ ಓಡದವನಿಗೆ ಅಧಿಕಾರವಿಲ್ಲ. ಮರೆಯಬೇಕಾದದ್ದು ಅವನ ಬಳಿ ಏನೂ ಇಲ್ಲ. ಕಾಲಲ್ಲಿ ಗಾಯವಿದ್ದವನಿಗೂ ಇಲ್ಲ. ಮಳೆಗಾಲದ ಗದ್ದೆನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು, ಗಾಯವೇ ಅದಕ್ಕೆ ಹೆಬ್ಬಾಗಿಲು. (ಈ ಮಾತನ್ನು ಮಾತ್ರ ಅಣಕವೆಂದು ತಿಳಿಯಬಾರದು.)

ದೇಶ, ತುಳುನಾಡು. ಕಾಲ, ಆಟಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆ ಆಟಿಯೆಂದರೆ ಕಣಜ ಬರಿದಾಗಿ, ಹೊರಗೆ ಕಾಲಿಡಲು ಮಳೆ ಬಿಡದೆ, ಚಗಟೆ ಸೊಪ್ಪನ್ನೂ ಕೆಸುವಿನೆಲೆಯನ್ನೂ ನಂಬಿ ದಿನ ದೂಡುವ ತಿಂಗಳು. ಈಗ ಅದರ ಭಾನುವಾರಗಳಲ್ಲಿ ಊರೂರಿನ ಯುವಕ ಮಂಡಲಗಳು ‘ಕೆಸರ್‌ಡೊಂಜಿ ದಿನ’, ಅಂದರೆ ಕೆಸರಿನಲ್ಲೊಂದು ದಿನ, ನಡೆಸುತ್ತವೆ. ಹಗ್ಗಜಗ್ಗಾಟ, ನಿಧಿಶೋಧ, ಹಿಮ್ಮುಖ ಓಟ, ಒಬ್ಬರನ್ನು ಅಡಿಕೆ ಹಾಳೆಯ ಮೇಲೆ ಕೂರಿಸಿ ಇನ್ನೊಬ್ಬರು ಎಳೆಯುವ ಓಟ. ಕೊಡಗಿನವರು ನಾಟಿ ಮುಗಿದ ಗದ್ದೆಯಲ್ಲಿ ಓಡುವ ‘ನಾಟಿ ಓಟ’ ಇದಕ್ಕೆ ಸಗೋತ್ರ. ಹಡಿಲು ಬಿದ್ದ ಗದ್ದೆ ವರ್ಷಕ್ಕೊಮ್ಮೆ ಉಳುಮೆ ಕಾಣುವುದು ಈ ಆಟದ ನೆಪದಿಂದಲೇ ಎಂಬಂಥ ಊರುಗಳೂ ಇವೆ. ನೇಜಿ ನೆಡಲು ಆಳು ಸಿಗುವುದಿಲ್ಲ, ಬೀಳಲು ಸಾಲುಗಟ್ಟಿ ಬರುತ್ತಾರೆ. ಈ ವೈಪರೀತ್ಯಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಪೂರ್ವಪಕ್ಷಿಯ ಮೊದಲ ಆಕ್ಷೇಪ ಪಂಕಪ್ರಕ್ಷಾಲನ ನ್ಯಾಯದ್ದು: ಕೆಸರು ಮೆತ್ತಿಸಿಕೊಂಡು ತೊಳೆಯುವುದಕ್ಕಿಂತ ದೂರದಿಂದಲೇ ಮುಟ್ಟದಿರುವುದು ಲೇಸಲ್ಲವೇ? ಉತ್ತರ: ಈ ನ್ಯಾಯ ಹೇಳಿದವನು ಅದನ್ನು ಹೇಳುವ ಮುನ್ನ ಅನ್ನ ಉಂಡಿದ್ದನೇ, ಇಲ್ಲವೇ? ಉಂಡಿದ್ದರೆ ಅವನ ಪರವಾಗಿ ಯಾರೋ ಕೆಸರು ಮುಟ್ಟಿದ್ದರು. ಉಣ್ಣದಿದ್ದರೆ ಹಸಿದವನ ಮಾತು ಪ್ರಮಾಣವಲ್ಲ.

ಎರಡನೆಯ ಆಕ್ಷೇಪ ಯಜ್ಞದತ್ತನದು. ಈತ ಉದಾಹರಣೆಗಳಲ್ಲಿ ದೇವದತ್ತನ ಖಾಯಂ ಜೊತೆಗಾರ. ಈಗ ಮಣಿಕಟ್ಟಿಗೆ ಜಿಪಿಎಸ್ ವಾಚು ಕಟ್ಟಿದ್ದಾನೆ. ‘ಮೊದಲು ನಡಿಗೆ, ಆಮೇಲೆ ನಡಿಗೆ-ಓಟ, ಆಮೇಲೆ ಡಾಂಬರು ರಸ್ತೆಯಲ್ಲಿ ಐದು ಕಿಲೋಮೀಟರು. ಹಳೆಯ ಟೈಮಿಂಗಿಗೆ ಮೆಲ್ಲಗೆ ಮರಳಬಹುದು ಮಾರಾಯ’ ಎನ್ನುತ್ತಾನೆ.

ದೋಷವಿರುವುದು ಇಲ್ಲೇ. ‘ಸೋಽಯಂ ದೇವದತ್ತಃ’, ಅವನೇ ಈ ದೇವದತ್ತ ಎನ್ನುವಾಗ ಅಂದಿನ-ಇಂದಿನ, ಅಲ್ಲಿನ-ಇಲ್ಲಿನ ಎಂಬ ವಿರುದ್ಧ ಭಾಗಗಳನ್ನು ಕೈಬಿಟ್ಟರಷ್ಟೇ ವಾಕ್ಯ ನಿಲ್ಲುತ್ತದೆ ಎಂದು ವೇದಾಂತಿಗಳು ಭಾಗತ್ಯಾಗ ಲಕ್ಷಣೆಯನ್ನು ಹೇಳಿದ್ದಾರೆ. ರಸ್ತೆಗಿಳಿದ ದೇವದತ್ತ ಏನನ್ನೂ ಬಿಡುವುದಿಲ್ಲ. ಅಂದಿನ ವೇಗವನ್ನು ಇಂದಿನ ಹೊಟ್ಟೆಯ ಮೇಲೆ ಹೇರುತ್ತಾನೆ. ಶರೀರಶಾಸ್ತ್ರವೂ ವೇದಾಂತಿಗಳ ಪರ. ಓಟ ನಿಂತ ಕೆಲವೇ ವಾರಗಳಲ್ಲಿ ರಕ್ತದ ದ್ರವಾಂಶ ತಗ್ಗಿ ದಮ್ಮು ಕಡಿಮೆಯಾಗುತ್ತದೆ. ಮತ್ತೆ ಶುರುಮಾಡಿದರೆ ಹೃದಯವೇನೋ ಬೇಗ ಹೊಂದಿಕೊಳ್ಳುತ್ತದೆ, ಆದರೆ ಸ್ನಾಯುರಜ್ಜುಗಳು ತಿಂಗಳುಗಟ್ಟಲೆ ಹಿಂದೆ ಉಳಿಯುತ್ತವೆ. ಎದೆ ‘ಹೂಂ’ ಎಂದಾಗ ಹಿಮ್ಮಡಿ ‘ಊಹೂಂ’ ಎನ್ನುತ್ತದೆ. ಮರಳಿ ಓಡುವವರು ಕುಂಟುವುದು ಈ ಮತಭೇದದಿಂದಲೇ.

ಕೆಸರಿನಲ್ಲಾದರೆ ಈ ತ್ಯಾಗ ಬಲವಂತದ್ದು. ಒಣಮರಳಿನಲ್ಲಿ ಓಡಲು ಗಟ್ಟಿನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು ಅಳೆದು ನೋಡಿದ್ದಾರೆ. ಕೆಸರಿನ ಲೆಕ್ಕವನ್ನು ಪ್ರತ್ಯಕ್ಷ ಪ್ರಮಾಣಕ್ಕೆ ಬಿಡೋಣ. ನೀರು ನಿಲ್ಲಿಸಿ ಉತ್ತಾಗ ಮಣ್ಣಿನ ಹೆಂಟೆಗಳು ಒಡೆದು, ರಂಧ್ರಗಳು ಮುಚ್ಚಿ, ನೀರು ಇಂಗದ ಪಾಯಸವಾಗುತ್ತದೆ. ವರ್ಷಗಳ ಉಳುಮೆಯಿಂದ ಅದರಡಿ ಗಟ್ಟಿಪದರವೊಂದು ಕೂತಿರುತ್ತದೆ. ಕಾಲು ಅಲ್ಲಿಯವರೆಗೂ ಇಳಿಯುತ್ತದೆ. ಇಳಿಯುವುದು ಸುಲಭ, ಎತ್ತುವಾಗ ಅಡಿಯಲ್ಲಿ ಗಾಳಿಯಾಡದೆ ಗದ್ದೆ ಹಿಡಿದೆಳೆಯುತ್ತದೆ. ತಿಳಿದವರು ಹಿಮ್ಮಡಿಯನ್ನು ಕೊಂಚ ತಿರುಚಿ, ಗಾಳಿಗೆ ದಾರಿಬಿಟ್ಟು, ಆಮೇಲೆ ಎತ್ತುತ್ತಾರೆ. ತಿಳಿಯದವನಿಗೆ ಸ್ಥೂಣಾನಿಖನನ ನ್ಯಾಯ ಅನ್ವಯಿಸುತ್ತದೆ: ಕಂಬವನ್ನು ಅಲ್ಲಾಡಿಸಿದಷ್ಟೂ ಅದು ಭದ್ರವಾಗಿ ಹೂತುಕೊಳ್ಳುತ್ತದೆ. ನಮ್ಮ ದೇವದತ್ತ ಗದ್ದೆಯ ನಡುವೆ ಸಾಕಷ್ಟು ಹೊತ್ತು ಭದ್ರವಾಗಿದ್ದನು. ಹುಣಿಯ ಮೇಲಿನ ಮೈಕಿನವರು ‘ಬಲಿಪುಲೆ, ಬಲಿಪುಲೆ’ ಎಂದು ಓಡಲು ಹುರಿದುಂಬಿಸುತ್ತಲೇ ಇದ್ದರು.

ಕೆಸರನ್ನು ಗಡಿಯಾರಕ್ಕೆ ಕಟ್ಟಲು ಹೋದರೆ ಏನಾಗುತ್ತದೆಂಬುದಕ್ಕೆ ಐತಿಹ್ಯವುಂಟು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿದರು: ನೂರು ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ದಾಖಲೆ 9.58. ದೇಶವೇ ಎದ್ದು ಕೂತಿತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ತ್ರೈರಾಶಿಯಲ್ಲಿ ಎರಡು ಕೋಣಗಳು ಬಿಟ್ಟುಹೋಗಿದ್ದವು. ಅದನ್ನು ನೆನಪಿಸಿದವರು ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಅಲ್ಲದೆ ಕೋಣಗಳ ಪಾಲೂ ಇದೆ ಎಂದು ತಿಳಿಸಿ ನಯವಾಗಿ ಹಿಂದೆ ಸರಿದರು. ಈ ವಿಷಯದಲ್ಲಿ ಇದಕ್ಕಿಂತ ಖಚಿತವಾದ ಭಾಷ್ಯವನ್ನು ನಾವು ಕಂಡಿಲ್ಲ.

ಯಜ್ಞದತ್ತನ ವಾಚಿನ ಕಥೆಯನ್ನು ಚುಟುಕಾಗಿ ಹೇಳುವುದಾದರೆ, ಅದು ಈಗ ಅನುಪಲಬ್ಧಿ ಪ್ರಮಾಣಕ್ಕೆ ವಿಷಯ. ಮಣಿಕಟ್ಟಿನಲ್ಲಿ ಕಾಣುತ್ತಿಲ್ಲ, ಆದ್ದರಿಂದ ಮಣಿಕಟ್ಟಿನಲ್ಲಿಲ್ಲ. ನಿಧಿಶೋಧದ ಮಕ್ಕಳು ಎರಡು ಸಲ ಮುಳುಗಿ ಒಂದು ಚಪ್ಪಲಿ ತಂದರು.

ಓಟದಲ್ಲಿ ಎಷ್ಟನೆಯವನಾದೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಗುರಿ ಮುಟ್ಟಿದವರ ಮುಖಗಳೆಲ್ಲ ಒಂದೇ ಬಣ್ಣದವಾದ್ದರಿಂದ ತೀರ್ಪುಗಾರರು ಬಾಳೆಗೊನೆಯನ್ನು ಹತ್ತಿರವಿದ್ದವನ ಹೆಗಲಿಗೇರಿಸಿದರು, ಅವನು ಮುಂದಿನ ಸ್ಪರ್ಧೆಯವನು ಎಂದು ಆಮೇಲೆ ತಿಳಿಯಿತು. ಒಂದು ಗಂಟೆಗೆ ಊಟ. ದೇವದತ್ತನು ಪತ್ರೊಡೆ, ಹುರುಳಿ ಚಟ್ನಿ, ಕಣಿಲೆ ಪಲ್ಯಗಳನ್ನು ಎಲ್ಲರೆದುರು ಹಾಡಹಗಲೇ ಉಂಡನು. ಮೀಮಾಂಸಕರು ಬೇರೆ ಉದಾಹರಣೆ ಹುಡುಕಿಕೊಳ್ಳಬೇಕಾಗುತ್ತದೆ.

ಮರುಭಾನುವಾರ ಪಕ್ಕದೂರಲ್ಲಿ ಹಾಳೆ ಎಳೆಯುವ ಓಟವಿದೆ. ಅದರಲ್ಲಿ ಎಳೆಯುವವನು ಕರ್ತೃವೋ, ಕೂತವನು ಕರ್ತೃವೋ, ಬಹುಮಾನ ಯಾರಿಗೆ ಎಂಬುದನ್ನು ಉತ್ತರಭಾಗದಲ್ಲಿ ವಿಚಾರಿಸಲಾಗುವುದು. ಬೇಕಾದ ಗ್ರಂಥಗಳೆಲ್ಲ ಮಹಡಿಯ ಕಪಾಟಿನಲ್ಲಿವೆ, ಲೇಖಕನಿಗೆ ಸದ್ಯ ಮೆಟ್ಟಿಲು ಹತ್ತಲಾಗುತ್ತಿಲ್ಲ.