ಇಲ್ಲಿ ನೋಡಿ ಸಾರ್

ಮದುವೆ ಫೋಟೊಗ್ರಾಫರನ ಮೇಲೆ ನಮ್ಮ ಜನಕ್ಕಿರುವ ದೊಡ್ಡ ದೂರು ಒಂದೇ: ಮದುವೆಗೆ ಬಂದವರಿಗೆ ಅವನು ಮದುವೆ ಕಾಣಗೊಡುವುದಿಲ್ಲ. ದೂರು ನಿಜ. ಗಟ್ಟಿಮೇಳ ಏಳುತ್ತಿದ್ದಂತೆ ಅಕ್ಷತೆ ಹಿಡಿದು ಎದ್ದು ನಿಂತವರ ಕಣ್ಣಿಗೆ ಬೀಳುವುದು ಅವನ ಬೆನ್ನು. ಬೆನ್ನಿನ ಮೇಲೆ ಕಪ್ಪು ಟೀಶರ್ಟು, ಟೀಶರ್ಟಿನ ಮೇಲೆ ಸ್ಟುಡಿಯೊದ ಹೆಸರು, ಹೆಸರಿನ ಕೆಳಗೆ ಹತ್ತಂಕಿಯ ಮೊಬೈಲ್ ನಂಬರು. ಇಡೀ ಛತ್ರ ಉಸಿರು ಬಿಗಿಹಿಡಿದು ಒಂದೇ ಕಡೆ ನೋಡುವ ಆ ಅರ್ಧ ನಿಮಿಷದಲ್ಲಿ ಎಲ್ಲರೂ ಒಟ್ಟಾಗಿ ಓದುವುದು ಆ ನಂಬರನ್ನು. ಇದಕ್ಕಿಂತ ಒಳ್ಳೆಯ ಜಾಹೀರಾತಿನ ಜಾಗ ಬೆಂಗಳೂರಿನ ಯಾವ ಸರ್ಕಲ್ಲಿನಲ್ಲೂ ಸಿಗಲಾರದು. ಎಸೆದ ಅಕ್ಷತೆಯಲ್ಲಿ ಅರ್ಧ ಅವನ ಕಾಲರಿನೊಳಗೇ ಇಳಿಯುತ್ತದೆ. ಆ ಲೆಕ್ಕಕ್ಕೆ ನಾಡಿನಲ್ಲಿ ಅತಿ ಹೆಚ್ಚು ಆಶೀರ್ವಾದ ಪಡೆದ ಮನುಷ್ಯ ಅವನೇ ಇರಬೇಕು. ಇಷ್ಟನ್ನೂ ಒಪ್ಪಿಕೊಂಡು ನಾನು ವಾದಿಸಹೊರಟಿರುವುದು ಅವನ ಪರವಾಗಿ. ಅದರಲ್ಲೂ ಅವನು ಮಾಡುವ ಕೆಲಸಗಳಲ್ಲಿ ಎಲ್ಲರಿಗೂ ಅತಿ ಹೆಚ್ಚು ತಲೆನೋವು ತರುವುದು ಯಾವುದೋ ಅದರ ಪರವಾಗಿ. ಬೋಳುತಲೆಯವರಿಗೆ ಫ್ಲ್ಯಾಷಿನ ಮೇಲೆ ಒಂದು ಖಾಸಗಿ ಮುನಿಸು ಇದ್ದೇ ಇರುತ್ತದೆ, ಈ ಲೇಖಕನಿಗೂ ಇದೆ. ಹಾಗಾಗಿ ಸಾಕ್ಷಿ ಪಕ್ಷಪಾತಿಯೆಂದು ಯಾರೂ ದೂರುವಂತಿಲ್ಲ.

ಮೊದಲು ಬೆನ್ನಿನ ವಿಚಾರ. ಅವನು ಅಷ್ಟು ಹತ್ತಿರ ಹೋಗಿ ನಿಲ್ಲುವುದು ಸೊಕ್ಕಿನಿಂದಲ್ಲ, ಅಥವಾ ಬರೀ ಸೊಕ್ಕಿನಿಂದಲ್ಲ. ಫ್ಲ್ಯಾಷಿನ ಬೆಳಕಿಗೆ ಒಂದು ಕಟ್ಟುಪಾಡಿದೆ: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ರೀಲಿನ ಕಾಲದಲ್ಲಿ 100 ಐಎಸ್‌ಒ ಫಿಲ್ಮು ಹಾಕಿಕೊಂಡು, ಹೋಮದ ಹೊಗೆ ತುಂಬಿದ ಮಂಟಪಕ್ಕೆ ಆರನೇ ಸಾಲಿನಿಂದ ಗುರಿಯಿಟ್ಟಿದ್ದರೆ ಮದುಮಕ್ಕಳ ಜಾಗದಲ್ಲಿ ಎರಡು ನೆರಳು ಸಿಗುತ್ತಿದ್ದವು. ಈಗಿನ ಕ್ಯಾಮೆರಾ 6400 ಐಎಸ್‌ಒನಲ್ಲೂ ಸಲೀಸಾಗಿ ಕೆಲಸ ಮಾಡುತ್ತದೆ, 70-200 ಲೆನ್ಸು ಹಾಕಿದರೆ ಹಿಂದೆ ಕೂತೇ ಮೂಗುತಿಯ ಹರಳು ಎಣಿಸಬಹುದು, ಮತ್ತೆ ಯಾಕೆ ನುಗ್ಗುತ್ತಾನೆ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಮ್ಮ ಕೈಯಲ್ಲೇ ಇದೆ, ಅಕ್ಷರಶಃ. ತಾಳಿ ಕಟ್ಟುವ ಹೊತ್ತಿಗೆ ಮುಂದಿನೆರಡು ಸಾಲಿನವರೆಲ್ಲ ಮೊಬೈಲು ಎತ್ತಿ ಹಿಡಿದಿರುತ್ತಾರೆ. ಹಿಂದೆ ನಿಂತವನ ಫೋಟೊದಲ್ಲಿ ಮದುವೆಗಿಂತ ಮೊಬೈಲುಗಳೇ ಜಾಸ್ತಿ ಬೀಳುತ್ತವೆ. ಇನ್ನು ಅವನ ಪರಿವಾರ: ವಿಡಿಯೊದವನು, ಅವನಿಗೆ ಎಲ್‌ಇಡಿ ಲೈಟು ಹಿಡಿಯುವ ಹುಡುಗ, ಗಿಂಬಲ್ ಹಿಡಿದು ಹಿಮ್ಮುಖವಾಗಿ ನಡೆಯುತ್ತ ಸೋದರತ್ತೆಯ ಕಾಲು ತುಳಿಯುವವನು, ಛತ್ರದೊಳಗೇ ಡ್ರೋನ್ ಹಾರಿಸಿ ಪುರೋಹಿತರ ಮುಂದಿನ ವೀಳ್ಯದೆಲೆ ಚೆದುರಿಸುವವನು. ಈ ಕೊನೆಯವನ ವಕಾಲತ್ತು ನಾನು ವಹಿಸಿಲ್ಲ.

ಇದಾದ ಮೇಲೆ ಬರುವ ಆಕ್ಷೇಪ ಶಾಸ್ತ್ರದ್ದು. ಪಂಚಾಂಗ ನೋಡಿ, ಘಳಿಗೆ ಲೆಕ್ಕ ಹಾಕಿ, ಲಗ್ನಪತ್ರಿಕೆಯಲ್ಲಿ ನಿಮಿಷದ ಸಮೇತ ಅಚ್ಚು ಹಾಕಿಸಿದ ಮುಹೂರ್ತವನ್ನು ಇವನು "ಸ್ವಾಮಿ, ಒಂದ್ನಿಮಿಷ ಹಾಗೇ ಇರಿ" ಎಂದು ನಿಲ್ಲಿಸಿಬಿಡುತ್ತಾನೆ. ಯಾರ ಮನೆಯ ಆಲ್ಬಮ್ ಬೇಕಾದರೂ ತೆಗೆದು ನೋಡಿ: ವರನ ಎರಡೂ ಕೈ ವಧುವಿನ ಕೊರಳ ಹಿಂದಿರುತ್ತವೆ, ನಾದಿನಿ ಜಡೆ ಎತ್ತಿ ಹಿಡಿದಿರುತ್ತಾಳೆ, ಬೆರಳುಗಳು ಮೂರು ಗಂಟಿನ ಎಲ್ಲೋ ನಡುವೆ ತಡಕಾಡುತ್ತಿರುತ್ತವೆ, ಕಣ್ಣು ಮಾತ್ರ ನೆಟ್ಟಗೆ ಲೆನ್ಸಿನ ಕಡೆ. ಜೀವಮಾನದಲ್ಲಿ ಹಾಕುವ ಅತಿ ಮುಖ್ಯವಾದ ಗಂಟನ್ನು ಗಂಡಸು ನೋಡದೆಯೇ ಹಾಕುತ್ತಾನೆ. ಮಟಮಟ ಮಧ್ಯಾಹ್ನ ಛತ್ರದ ಸೀಲಿಂಗಿನಲ್ಲಿ ಅರುಂಧತೀ ನಕ್ಷತ್ರ ಎಲ್ಲಿದೆ ಎಂಬುದನ್ನು ನಿರ್ಧರಿಸುವವನೂ ಇವನೇ. ಪುರೋಹಿತರು ಉತ್ತರಕ್ಕೆ ತೋರಿಸಿದ್ದನ್ನು "ಸ್ವಲ್ಪ ಈ ಕಡೆ ತೋರ್ಸಿ ಸಾರ್, ಲೈಟ್ ಚೆನ್ನಾಗಿದೆ" ಎಂದು ಫ್ಯಾನಿನ ಪಕ್ಕಕ್ಕೆ ತಂದು ಕೂರಿಸುತ್ತಾನೆ. ಸಪ್ತಪದಿಯಲ್ಲಂತೂ ಕಾನೂನಿನ ತೊಡಕೇ ಎದುರಾಗುತ್ತದೆ. ಸಪ್ತಪದಿ ಇರುವ ಮದುವೆ ಏಳನೇ ಹೆಜ್ಜೆ ಇಟ್ಟಾಗ ಪೂರ್ಣವಾಗುತ್ತದೆ ಎನ್ನುತ್ತದೆ 1955ರ ಹಿಂದೂ ವಿವಾಹ ಕಾಯಿದೆಯ 7ನೇ ಸೆಕ್ಷನ್. ಐದನೆಯದರಲ್ಲಿ ತಡೆದು "ಮೂರನೇ ಹೆಜ್ಜೆಯಿಂದ ಇನ್ನೊಂದ್ಸಲ ಬನ್ನಿ" ಎಂದಾಗ ಆ ಜೋಡಿಯ ಸ್ಥಿತಿ ಏನು ಎಂಬುದನ್ನು ಕಾಯಿದೆ ಹೇಳುವುದಿಲ್ಲ.

ಆದರೆ ಅವನು ಹೇಳಿದಾಗ ಹಿಂದಕ್ಕೆ ಬಂದವರು ಯಾರು? ತಾವೇ ಒಂದಿಷ್ಟು ಪಕ್ಕಕ್ಕೆ ವಾಲಿ ದಾರಿ ಬಿಟ್ಟ ಪುರೋಹಿತರು ಯಾರು? ಮುಹೂರ್ತ ಮೀರಿದರೂ ಮಗಳ ಅಪ್ಪ "ಫೋಟೊ ಬಂತಾ?" ಎಂದೇ ಮೊದಲು ಕೇಳುತ್ತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಮದುವೆ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಕೇಳುವುದು ಫೋಟೊವನ್ನು. ಮಂತ್ರ ಸರಿಯಾಗಿ ಹೇಳಿಸಿದರೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. 36 ಫೋಟೊದ ರೀಲು ದುಬಾರಿಯಾಗಿದ್ದ ಕಾಲದಲ್ಲಿ 'ಖಾಲಿ ಫ್ಲ್ಯಾಷ್' ಎಂಬ ವಿದ್ಯೆ ಇತ್ತೆಂದು ಹಳೆಯ ಸ್ಟುಡಿಯೊಗಳಲ್ಲಿ ನಗುತ್ತ ಹೇಳುತ್ತಾರೆ. ದೂರದ ನೆಂಟರು ವೇದಿಕೆ ಹತ್ತಿದಾಗ ಯಜಮಾನರು ಹುಬ್ಬಿನಲ್ಲೇ ಸನ್ನೆ ಮಾಡುವರು, ಬೆಳಕು ಮಿಂಚುವುದು, ರೀಲು ಕದಲದು, ನೆಂಟರು ಸಂತೋಷದಿಂದ ಊಟಕ್ಕೆ ಇಳಿಯುವರು. ಕಣ್ಕಟ್ಟಿಗೆ ಕೈ ಫೋಟೊಗ್ರಾಫರನದು, ಹುಬ್ಬು ನಮ್ಮದು. ಡಿಜಿಟಲ್ ಬಂದು ರೀಲಿನ ಜಿಪುಣತನ ಹೋಯಿತು. ಸಾವಿರಗಟ್ಟಲೆ ಫೋಟೊ ಮನೆಗೆ ಬರುತ್ತವೆ, ಆಲ್ಬಮ್ಮಿಗೆ ಯಾವುದು ಹಾಕಬೇಕೆಂದು ಎರಡು ಕಡೆಯವರೂ ಒಪ್ಪುವಷ್ಟರಲ್ಲಿ ನಾಮಕರಣಕ್ಕೆ ಅವನನ್ನೇ ಕರೆಯಬೇಕಾಗುತ್ತದೆ, ಮತ್ತು ಆಗ ಎಲ್ಲರೂ ಅವನ ಮುಖ ನೋಡಿ "ಆಲ್ಬಮ್ ಇನ್ನೂ ಕೊಟ್ಟಿಲ್ಲ ಪುಣ್ಯಾತ್ಮ" ಎನ್ನುತ್ತಾರೆ.

ಈಗ ಆ ತಲೆನೋವಿಗೆ ಬರೋಣ: ಆರತಕ್ಷತೆಯ ಸಾಲು. 800 ಜನ ಬಂದರು ಎನ್ನಿ. ನಾಲ್ಕು ಜನಕ್ಕೊಂದರಂತೆ 200 ಗುಂಪು, ಗುಂಪಿಗೆ ಅರ್ಧ ನಿಮಿಷ ಹಿಡಿದರೂ 100 ನಿಮಿಷ. ಅಷ್ಟೂ ಹೊತ್ತು ಜನ ಒಂದೊಂದೇ ಹೆಜ್ಜೆ ಸರಿಯುತ್ತ, ಮುಂದಿನವರ ರವಿಕೆಯ ಬೆನ್ನಿನ ಕಸೂತಿ ಬಾಯಿಪಾಠ ಮಾಡುತ್ತ, ಕೆಳಗಿನಿಂದ ಬರುವ ಒಗ್ಗರಣೆ ವಾಸನೆ ತಡೆದುಕೊಳ್ಳುತ್ತ ನಿಂತಿರುತ್ತಾರೆ. ಕೊನೆಗೂ ವೇದಿಕೆ ಹತ್ತಿದವನು ಕಿಸೆಯಿಂದ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರು ತೆಗೆದು, ವರನ ಕೈಗೆ ತುರುಕಿ, ಇಳಿದು ಹೋಗುವಷ್ಟು ಸರಳ ಆಸೆ ಇಟ್ಟುಕೊಂಡಿರುತ್ತಾನೆ. ಆಗುವುದಿಲ್ಲ. "ಸಾರ್, ಕವರ್ ಕೊಡ್ತಾ ಇರೋ ಹಾಗೆ ಹಿಡ್ಕೊಳ್ಳಿ." ಕವರಿನ ಒಂದು ತುದಿ ಕೊಡುವವನ ಕೈಯಲ್ಲಿ, ಇನ್ನೊಂದು ತುದಿ ವರನ ಕೈಯಲ್ಲಿ. ಬಿಡುವ ಹಾಗಿಲ್ಲ, ಎಳೆಯುವ ಹಾಗಿಲ್ಲ. "ಇಲ್ಲಿ ನೋಡಿ ಸಾರ್." ನೋಡುತ್ತಾರೆ. "ಮೇಡಂ, ನೀವು ಸ್ವಲ್ಪ ಒಳಗ್ ಬನ್ನಿ." ಬರುತ್ತಾರೆ. "ಮಗೂನ ಮುಂದೆ ಬಿಡಿ." ಮಗು ಬರುವುದಿಲ್ಲ. ಕವರು ಇನ್ನೂ ನಡುವೆಯೇ ಇದೆ. ಒಳಗಿನ ಐನೂರರ ನೋಟಿಗೇ ನಾಚಿಕೆಯಾಗುವಷ್ಟು ಹೊತ್ತು ಇದೆ. "ಸ್ಮೈಲ್ ಸಾರ್!" ಫ್ಲ್ಯಾಷ್ ಮಿಂಚುತ್ತದೆ, ಮಗು ಆಕಳಿಸುತ್ತದೆ, "ಒನ್ ಮೋರ್." ಮುದ್ರಣವಾಗಿ ಬಂದ ಆ ಫೋಟೊ ಲೋಕಾಯುಕ್ತರ ಬಲೆಗೆ ಬಿದ್ದವರ ಫೋಟೊದ ಹಾಗೆಯೇ ಇರುತ್ತದೆ: ಕೊಟ್ಟವನು, ತೆಗೆದುಕೊಂಡವನು, ನಡುವೆ ವಸ್ತುಪುರಾವೆ, ಎರಡೂ ಮುಖಗಳಲ್ಲಿ ತಪ್ಪಿತಸ್ಥ ನಗೆ.

ಇದನ್ನು ಸಹಿಸಲಾಗದವರು ಈಗ ಕ್ಯಾಂಡಿಡ್ ಫೋಟೊಗ್ರಾಫರನನ್ನು ಕರೆಸುತ್ತಾರೆ. ಅವನು ಸಜ್ಜನ. "ಇಲ್ಲಿ ನೋಡಿ" ಎನ್ನುವುದಿಲ್ಲ, ಯಾರ ಕಾಲನ್ನೂ ತುಳಿಯುವುದಿಲ್ಲ, ಕಂಬದ ಮರೆಯಿಂದ ಕಣ್ಣೀರು ಹಿಡಿಯುತ್ತಾನೆ. ಅವನ ಹಿಂದೆ ದೊಡ್ಡ ಪರಂಪರೆಯೇ ಇದೆ. ಫ್ಲ್ಯಾಷ್ ಎಂದರೆ ಆಗದಿದ್ದ, ಚಿಕ್ಕ ಲೈಕಾ ಹಿಡಿದು ಎದುರಿನವರಿಗೆ ತಿಳಿಯದ ಹಾಗೆ ಫೋಟೊ ತೆಗೆಯುತ್ತಿದ್ದ ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸನ್ ಆ ಪರಂಪರೆಯ ಹಿರಿಯ. ನಮ್ಮಲ್ಲೂ ಮೈಸೂರಿನ ಟಿ.ಎಸ್. ಸತ್ಯನ್ ಇದ್ದರು, ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ತೆಗೆದ ಕನ್ನಡ ಲೇಖಕರ ಭಾವಚಿತ್ರಗಳಿವೆ. ಫೋಟೊಗ್ರಫಿ ಎಂದರೆ ಅದು, ಕವರು ಹಿಡಿಸುವುದಲ್ಲ ಎಂದು ಯಾರಾದರೂ ಅಂದರೆ ಕಲೆಯ ಮಟ್ಟಿಗೆ ನಾನು ಎದುರಾಡುವುದಿಲ್ಲ. ಆದರೆ ಲೇಖಕರು ಒಬ್ಬೊಬ್ಬರಾಗಿ ಸಿಗುತ್ತಾರೆ, ಹೊತ್ತು ಕೊಡುತ್ತಾರೆ. ಛತ್ರದಲ್ಲಿ ಸೋದರಮಾವನ ಪಾಲಿಗೆ ಬರುವುದು ಅರ್ಧ ನಿಮಿಷ. ಕ್ಯಾಂಡಿಡ್‌ನವನ ಲೆನ್ಸು ಎಫ್/1.4ಕ್ಕೆ ತೆರೆದಿರುತ್ತದೆ, ವಧುವಿನ ಕಣ್ಣುರೆಪ್ಪೆ ಸ್ಪಷ್ಟವಾದರೆ ಕಿವಿಯೋಲೆ ಮಸುಕು, ಹಿಂದೆ ನಿಂತ ಸೋದರಮಾವ ಒಂದು ಹಳದಿ ಚುಕ್ಕೆ. ಸಾಂಪ್ರದಾಯಿಕದವನು ಎಫ್/8ಕ್ಕೆ ಇಟ್ಟು, ಫ್ಲ್ಯಾಷ್ ಹಾಕಿ, ಎರಡು ಸಾಲಿನ ಹನ್ನೆರಡು ಜನರನ್ನೂ ಮೀಸೆಯ ಬಿಳಿಕೂದಲಿನ ಸಮೇತ ಹಿಡಿಯುತ್ತಾನೆ. ಹನ್ನೆರಡರಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆಂದು ಗೊತ್ತಿರುವುದರಿಂದ ಮೂರು ಸಲ ಹೊಡೆಯುತ್ತಾನೆ. ಅಜ್ಜಿಗೆ ಕುರ್ಚಿ ತರಿಸುತ್ತಾನೆ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆಂಬುದನ್ನು ಅವರು ನಿಂತ ಅಂತರದಲ್ಲೇ ಓದಿ ಅಕ್ಕನನ್ನು ನಡುವೆ ತಂದು ನಿಲ್ಲಿಸುತ್ತಾನೆ. ಕೈ ತೊಳೆಯಲು ಹೋದ ಚಿಕ್ಕಪ್ಪ ಬರುವ ತನಕ ಬಟನ್ ಒತ್ತುವುದಿಲ್ಲ, ಅಷ್ಟೂ ಹೊತ್ತು ಅವನನ್ನು ಎಲ್ಲರೂ ಬೈಯುತ್ತಿರುತ್ತಾರೆ.

ಆ ಫೋಟೊ ಯಾರು ನೋಡುತ್ತಾರೆ ಎಂಬುದು ಪ್ರಶ್ನೆ. ಕರಿಜ್ಮಾ ಆಲ್ಬಮ್ಮಿನ ಭಾರಕ್ಕೆ ಹೆದರಿ ಅದನ್ನು ಬೀರುವಿನ ಮೇಲಿಂದ ಇಳಿಸುವವರೇ ಇಲ್ಲ, ನಿಜ. ಒಂದು ದಿನ ಇಳಿಸುತ್ತಾರೆ. ಮನೆಯಲ್ಲಿ ಹಿರಿಯರೊಬ್ಬರು ಹೋಗಿರುತ್ತಾರೆ, ಸಂಜೆಯೊಳಗೆ ಪತ್ರಿಕೆಗೆ ಫೋಟೊ ಕೊಡಬೇಕು, ಬೆಳಿಗ್ಗೆಗೆ ಬೀದಿಯಲ್ಲಿ ಫ್ಲೆಕ್ಸು ನಿಲ್ಲಬೇಕು, ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿದ ಪಟ ಬೇಕು. ಹುಡುಕಿದರೆ ಆಧಾರ್ ಕಾರ್ಡಿನದು ಸಿಗುತ್ತದೆ. ಅದು ಗೋಡೆಗೆ ಹಾಕುವಂಥದ್ದಲ್ಲ ಎಂಬ ವಿಷಯದಲ್ಲಿ ದೇಶಕ್ಕೆ ಒಮ್ಮತವಿದೆ. ಆಗ ಯಾರದೋ ಮದುವೆಯ ಗುಂಪುಫೋಟೊ ಸ್ಟುಡಿಯೊದ ಕೌಂಟರಿಗೆ ಬರುತ್ತದೆ. ಕಂಪ್ಯೂಟರಿನ ಮುಂದೆ ಕೂತವನು ಬೀಗರನ್ನು ಕತ್ತರಿಸುತ್ತಾನೆ, ಕವರು ಕತ್ತರಿಸುತ್ತಾನೆ, ಹಿಂದೆ ತಿಳಿನೀಲಿ ಬಣ್ಣ ತುಂಬುತ್ತಾನೆ, ಭುಜದ ಮೇಲಿದ್ದ ಇನ್ನೊಬ್ಬರ ಕೈ ಅಳಿಸುತ್ತಾನೆ. ಕೆಲವು ಪಟಗಳಲ್ಲಿ ಆ ಕೈಯ ಎರಡು ಬೆರಳ ತುದಿ ಉಳಿದುಹೋಗಿರುವುದೂ ಉಂಟು. ನಮ್ಮ ಗೋಡೆಗಳ ಮೇಲಿನ ಅಜ್ಜಿಯರೆಲ್ಲ ರೇಷ್ಮೆ ಸೀರೆಯಲ್ಲೇ ಇರುವುದು ಇದರಿಂದ. ಜೀವನವೆಲ್ಲ ಅಡುಗೆಮನೆಯಲ್ಲಿ ಬಗ್ಗಿ ಕಳೆದವರು ಆ ಪಟದಲ್ಲಿ ಬೆನ್ನು ನೆಟ್ಟಗೆ ಮಾಡಿ ನಮ್ಮನ್ನು ನೇರ ನೋಡುತ್ತಾರಲ್ಲ, ಯಾವನೋ ಒಬ್ಬ ಬೆವರಿಳಿಸಿಕೊಂಡು "ಅಜ್ಜಿ, ಇಲ್ನೋಡಿ" ಎಂದು ಕೂಗಿದ್ದರಿಂದ. ಅವನ ಹೆಸರು ಆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕಾನೂನೂ ಅವನ ಕೈ ಹಿಡಿಯುವುದಿಲ್ಲ. ಬೇರೆ ಕರಾರಿಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವನದೇ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯಿದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಇನ್ನು ಮುಂದೆ ಫೋಟೊಗೇನು ಬರ ಎನ್ನುವವರಿಗೂ ಒಂದು ಮಾತು. ಮೊಬೈಲಿನಲ್ಲಿ ಅತಿ ಹೆಚ್ಚು ಇರುವುದು ಮೊಬೈಲು ಹಿಡಿದವನ ಮುಖ. ಅಪ್ಪನದು ಇದ್ದರೆ ವಾಟ್ಸಾಪಿನಲ್ಲಿ ನಾಲ್ಕು ಗುಂಪು ಸುತ್ತಿ ಸವೆದದ್ದು, ಅರ್ಧ ಕಿವಿ ಫ್ರೇಮಿನ ಹೊರಗೆ. ಸ್ಟುಡಿಯೊದವನೂ ಇದನ್ನೇ ನಂಬಿ ಕಾಲ ತಳ್ಳುತ್ತಿದ್ದಾನೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲ. ಆಗ ಲೆನ್ಸಿನ ಬೂಷ್ಟು ಒರೆಸುತ್ತ, ಪಾಸ್‌ಪೋರ್ಟ್ ಫೋಟೊಗೆ ಬಂದವರಿಗೆ "ನಗಬೇಡಿ ಸಾರ್" ಎನ್ನುತ್ತ ಕೂರುತ್ತಾನೆ. ಸೀಸನ್ನಿನಲ್ಲಿ ಬೆಳಗಿನ ಜಾವದ ಚಪ್ಪರಶಾಸ್ತ್ರದಿಂದ ರಾತ್ರಿಯ ಕೊನೆಯ ಗುಂಪಿನವರೆಗೆ ನಿಂತೇ ಇದ್ದು, ಪಾತ್ರೆ ತಳ ಕಾಣುವ ಹೊತ್ತಿಗೆ "ಫೋಟೊದವ್ರು ಊಟ ಮಾಡಿದ್ರಾ?" ಎಂದು ಯಾರಿಗಾದರೂ ಹೊಳೆದರೆ ತಣ್ಣಗಾದ ಪಲಾವು ತಿನ್ನುತ್ತಾನೆ. ಇಷ್ಟು ಹೇಳಿದ ಮೇಲೂ ಅವನ ಒಂದು ಕೆಲಸವನ್ನು ಸಮರ್ಥಿಸಲು ನನ್ನಲ್ಲಿ ವಾದವೇ ಇಲ್ಲ: ಊಟದ ಪಂಕ್ತಿಗೆ ಕ್ಯಾಮೆರಾ ತರುವುದು. ಎಲೆಯಿಂದ ಎಲೆಗೆ ಲೈಟು ಸರಿದು ಬರುತ್ತಿದ್ದ ಹಾಗೆ ಜನ ಒಬ್ಬೊಬ್ಬರಾಗಿ ಅಗಿಯುವುದನ್ನು ನಿಲ್ಲಿಸುತ್ತಾರೆ, ಕೆನ್ನೆ ಉಬ್ಬಿಸಿಕೊಂಡೇ ಮುಗುಳ್ನಗುತ್ತಾರೆ, ತುಪ್ಪ ಮೊಣಕೈವರೆಗೆ ಇಳಿಯುತ್ತದೆ. ಮುಂದೆಂದಾದರೂ ಬೇಕಾದೀತು ಎಂಬ ನನ್ನ ಇಷ್ಟುದ್ದದ ಸಮರ್ಥನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಾಯಿತುಂಬ ಹೋಳಿಗೆ ಇಟ್ಟುಕೊಂಡವರ ಪಟಕ್ಕೆ ಯಾರೂ ಕಟ್ಟು ಹಾಕಿಸಿದ್ದಿಲ್ಲ.